ಚರಟ ಕಾಣದ ಫಿಲ್ಟರು

ಪ್ರಬಂಧದ ಸಿನಾಪ್ಸಿಸ್ ಸಲ್ಲಿಸುವ ಕಾಲ ಬಂತೆಂದರೆ ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಜೀವ ಬರುತ್ತದೆ. ಉಳಿದ ದಿನಗಳಲ್ಲಿ ಮಧ್ಯಾಹ್ನದ ಜೊಂಪಿಗೆಂದೇ ಮೀಸಲಾಗಿರುವ ಕಂಪ್ಯೂಟರ್ ಕೋಣೆಯಲ್ಲಿ ಆಗ ಕುರ್ಚಿ ಸಿಗುವುದಿಲ್ಲ. ಅಂಥ ಒಂದು ದಿನ ಸಮುದಾಯ ವೈದ್ಯಕೀಯ ವಿಭಾಗದ ಪಿಜಿ ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು, "ಸರ್, ಅಡಿಕೆ ಅಂತ ಪಬ್‌ಮೆಡ್‌ನಲ್ಲಿ ಹಾಕಿದ್ರೆ ಸಾವಿರಗಟ್ಲೆ ಬರುತ್ತೆ. ಸ್ವಲ್ಪ ಕಡಿಮೆ ಮಾಡಿಕೊಡಿ" ಎಂದಳು.

"ಎಷ್ಟಕ್ಕೆ ಇಳಿಸಬೇಕಮ್ಮಾ?"

"ಒಂದೈವತ್ತಾದ್ರೆ ಸಾಕು ಸರ್. ಗೈಡು ಐವತ್ತು ರೆಫರೆನ್ಸ್ ಕೇಳಿದ್ದಾರೆ."

ಪಬ್‌ಮೆಡ್ ಎಂದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ. ಅದರ ಪರದೆಯ ಎಡಗಡೆ ಅವಳು ಆಗಲೇ ನಾಲ್ಕು ಕಡೆ ಟಿಕ್ ಹಾಕಿದ್ದಳು: ಕಳೆದ ಐದು ವರ್ಷ, ಉಚಿತ ಪೂರ್ಣಪಾಠ, ಮನುಷ್ಯರು, ಇಂಗ್ಲಿಷ್. ಸಂಖ್ಯೆ ಚೆನ್ನಾಗಿಯೇ ಇಳಿದಿತ್ತು. "ಹೋದವು ಯಾವುವು ಅಂತ ನೋಡಿದ್ಯಾ?" ಎಂದು ಕೇಳಿದೆ. ಹೋದದ್ದನ್ನು ಯಾಕೆ ನೋಡಬೇಕು ಎಂಬಂತೆ ಅವಳು ನನ್ನ ಮುಖ ನೋಡಿದಳು.

ಅವಳೊಬ್ಬಳನ್ನು ಅನ್ನುವಂತಿಲ್ಲ. ಫಿಲ್ಟರ್ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮನೆಯ ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿದ ಮೇಲೆ ಚರಟ ಮೇಲಿನ ಬಟ್ಟಲಿನಲ್ಲಿ ಕಣ್ಣೆದುರಿಗೇ ಕೂತಿರುತ್ತದೆ. ಬೇಕೆಂದರೆ ಇನ್ನೊಮ್ಮೆ ಬಿಸಿನೀರು ಸುರಿಯಬಹುದು. ಪಬ್‌ಮೆಡ್ ಫಿಲ್ಟರಿನ ಚರಟ ಕಣ್ಣಿಗೆ ಬೀಳುವುದೇ ಇಲ್ಲ. ಉಳಿದದ್ದು ಮಾತ್ರ ಕಾಣುತ್ತದೆ, ಉಳಿದದ್ದೇ ಎಲ್ಲ ಎಂಬ ನಂಬಿಕೆ ತಾನಾಗಿ ಬೆಳೆಯುತ್ತದೆ. ಹುಡುಕಾಟವನ್ನು ಕಿರಿದು ಮಾಡುವ ಉಪಾಯಗಳು ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ಬಹಳ ಒಳ್ಳೆಯವು. ಒಂದೊಂದೂ ಏನನ್ನು ಸದ್ದಿಲ್ಲದೆ ಎಸೆಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಒಮ್ಮೆ ಸಾಲಾಗಿ ನೋಡಿಬಿಡೋಣ.

ವೈದ್ಯಕೀಯ ಬರಹಗಳ ರಾಶಿಯನ್ನು ಅಂಕೆಗೆ ತರುವ ಕೆಲಸ ಹಳೆಯದು. ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ಸರ್ಜನ್ ಜನರಲ್ ಕಚೇರಿಯ ಪುಸ್ತಕಭಂಡಾರವನ್ನು ವಹಿಸಿಕೊಂಡು, 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ ವಿಷಯಸೂಚಿಯನ್ನು ಹೊರತಂದ. ಯಾವ ರೋಗದ ಬಗ್ಗೆ ಯಾವ ಪತ್ರಿಕೆಯಲ್ಲಿ ಏನು ಬಂತು ಎಂಬ ಪಟ್ಟಿ ಅದು.  ಅವನ ಭಂಡಾರವೇ ಬೆಳೆದು ಇಂದು ಬೆಥೆಸ್ಡಾದಲ್ಲಿರುವ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. ಅಲ್ಲಿ 1964ರಲ್ಲಿ ಮೆಡ್ಲಾರ್ಸ್ ಎಂಬ ಗಣಕವ್ಯವಸ್ಥೆ ಬಂತು, 1971ರಲ್ಲಿ ದೂರವಾಣಿ ತಂತಿಯ ಮೂಲಕ ಹುಡುಕಬಹುದಾದ ಮೆಡ್‌ಲೈನ್ ಬಂತು. 1997ರ ಜೂನಿನಲ್ಲಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು. ಈಗ ಅದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ದಾಖಲೆಗಳಿವೆ. ಇಂಡೆಕ್ಸ್ ಮೆಡಿಕಸ್‌ನ ಮುದ್ರಿತ ಸಂಪುಟಗಳು 2004ಕ್ಕೆ ನಿಂತವು. ನಮ್ಮಲ್ಲಿನ ಹಳೆಯ ಸಂಪುಟಗಳನ್ನು ಧೂಳು ಒರೆಸುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಮುಟ್ಟುವುದಿಲ್ಲ.

ಮೆಡ್ಲಾರ್ಸ್ ಕಾಲದಲ್ಲಿ ಪ್ರಶ್ನೆಯನ್ನು ಬರೆದು ಕಳುಹಿಸಿ ವಾರಗಟ್ಟಲೆ ಕಾಯಬೇಕಿತ್ತು. ಹಾಗೆ ಬಂದ ಉತ್ತರ ಎಷ್ಟು ಸರಿ ಎಂದು ಎಫ್. ಡಬ್ಲ್ಯು. ಲ್ಯಾಂಕಾಸ್ಟರ್ ನಿಷ್ಠುರವಾಗಿ ಅಳೆದು 1968ರಲ್ಲಿ ಪ್ರಕಟಿಸಿದರು. ಸಿಗಬೇಕಾದ ಲೇಖನಗಳಲ್ಲಿ ಸರಾಸರಿ ನೂರಕ್ಕೆ ಸುಮಾರು 58 ಸಿಕ್ಕಿದ್ದವು. ಸಿಕ್ಕವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕೆಲಸಕ್ಕೆ ಬರುವಂಥವು. ತರಬೇತಾದ ಸಿಬ್ಬಂದಿ ಯೋಚಿಸಿ ಕಟ್ಟಿದ ಹುಡುಕಾಟಗಳ ಗತಿಯೇ ಇದು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ಅದೇ ದಶಕದಲ್ಲಿ ನಡೆಸಿದ ಪ್ರಯೋಗಗಳು ಕಾರಣವನ್ನು ಹೇಳಿದವು: ಬೇಕಾದದ್ದೆಲ್ಲ ಸಿಗಲಿ ಎಂದು ಬಲೆ ಅಗಲಿಸಿದರೆ ಬೇಡದ್ದೂ ತುಂಬಿಕೊಳ್ಳುತ್ತದೆ, ಬೇಡದ್ದು ಬರದಿರಲಿ ಎಂದು ಬಿಗಿ ಮಾಡಿದರೆ ಬೇಕಾದದ್ದೂ ಜಾರುತ್ತದೆ. ಗ್ರಂಥಾಲಯದವರು ಮೊದಲನೆಯದನ್ನು ರೀಕಾಲ್ ಎನ್ನುತ್ತಾರೆ, ಎರಡನೆಯದನ್ನು ಪ್ರಿಸಿಷನ್ ಎನ್ನುತ್ತಾರೆ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲಿಗೆ ಹೋಗುವ ಮಾಲು ಎಂದು ಗೊತ್ತಿಲ್ಲದೆ ಅಡಿಕೆ ಆರಿಸಲು ಯಾರೂ ಕೂರುವುದಿಲ್ಲ. ನಾಳೆ ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬ ರೋಗಿಗೆ ಏನು ಕೊಡಬೇಕೆಂದು ತಿಳಿಯಬೇಕಾದ ವೈದ್ಯನಿಗೆ ಹತ್ತು ಒಳ್ಳೆಯ ಲೇಖನ ಸಾಕು, ಅವನು ಬಿಗಿಯಾಗಿಯೇ ಹುಡುಕಲಿ. ಒಂದು ವಿಷಯದ ಮೇಲೆ ಆದದ್ದನ್ನೆಲ್ಲ ಸಮೀಕ್ಷಿಸಲು ಹೊರಟವನು ಮೂರು ಸಾವಿರ ಶೀರ್ಷಿಕೆ ಓದಿ ಎರಡು ಸಾವಿರದ ಒಂಬೈನೂರನ್ನು ಎಸೆಯಲು ತಯಾರಾಗಿರಬೇಕು. ನನ್ನ ವಿದ್ಯಾರ್ಥಿನಿ ಇವೆರಡರಲ್ಲಿ ಯಾವುದು ತನ್ನದು ಎಂದು ಯೋಚಿಸುವ ಮೊದಲೇ ಐವತ್ತು ಎಂಬ ಅಂಕಿ ಹಿಡಿದು ಬಂದಿದ್ದಳು.

ಪಬ್‌ಮೆಡ್‌ನ ಪೆಟ್ಟಿಗೆಯಲ್ಲಿ ನಾವು ಹಾಕಿದ ಪದ ಹಾಕಿದಂತೆಯೇ ಉಳಿಯುವುದಿಲ್ಲ ಎಂಬುದು ಬಹುಮಂದಿಗೆ ಗೊತ್ತಿಲ್ಲ. ಹಿಂದೆ ಕೂತ ಯಂತ್ರ ಅದನ್ನು ತನ್ನ ಪದಪಟ್ಟಿಗೆ ಹೊಂದಿಸುತ್ತದೆ. 'ಹಾರ್ಟ್ ಅಟ್ಯಾಕ್' ಎಂದು ಬರೆದರೆ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಎಂಬ ಅಧಿಕೃತ ಶೀರ್ಷಿಕೆಯನ್ನೂ ಸೇರಿಸಿಕೊಂಡು ಹುಡುಕುತ್ತದೆ. ಇದು ಉಪಕಾರವೇ. ಆದರೆ 'ಕೋಲ್ಡ್' ಎಂದು ಬರೆದವನಿಗೆ ನೆಗಡಿ ಬೇಕೋ ಚಳಿ ಬೇಕೋ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಕನ್ನಡದ 'ಶೀತ'ಕ್ಕೂ ಇದೇ ಪಾಡು. ಮನುಷ್ಯರ ನಡುವೆ "ಮಗುವಿಗೆ ಶೀತ ಆಗಿದೆ" ಎಂದರೆ ಗೊಂದಲವಿಲ್ಲ, ಯಂತ್ರಕ್ಕೆ ಮಗು ಕಾಣುವುದಿಲ್ಲ. ಅದಕ್ಕೇ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ 'ಡೀಟೇಲ್ಸ್' ಬಿಚ್ಚಿ, ನನ್ನ ಮಾತನ್ನು ಇದು ಏನೆಂದು ಅರ್ಥಮಾಡಿಕೊಂಡಿತು ಎಂದು ಮೊದಲು ನೋಡಬೇಕು. ಪದಕ್ಕೆ ಉದ್ಧರಣ ಚಿಹ್ನೆ ಹಾಕಿದರೆ, ನಕ್ಷತ್ರ ಚಿಹ್ನೆ ಹಚ್ಚಿದರೆ, ಶೀರ್ಷಿಕೆ–ಸಾರಾಂಶದಲ್ಲಿ ಮಾತ್ರ ಹುಡುಕು ಎಂದು ಟ್ಯಾಗ್ ಕೊಟ್ಟರೆ ಈ ಹೊಂದಿಸುವಿಕೆ ನಿಂತುಹೋಗುತ್ತದೆ. ಕಿರಿದು ಮಾಡುವ ಮೊದಲ ಮೆಟ್ಟಿಲು ಅದೇ, ಮೊದಲ ನಷ್ಟವೂ ಅಲ್ಲೇ.

ಇನ್ನು ಅಡಿಕೆಗೆ ಬರೋಣ. ಇಂಗ್ಲಿಷ್ ಬರಹಗಾರರು ನಮ್ಮ ಎಲೆಅಡಿಕೆಯನ್ನು ಬಹಳ ಹಿಂದೆಯೇ ಕಲಸಿಟ್ಟಿದ್ದಾರೆ. ಎಲೆ ಒಂದು ಬಳ್ಳಿಯದು, ಅಡಿಕೆ ಒಂದು ಮರದ್ದು. ಜೊತೆಗೆ ಜಗಿಯುತ್ತೇವೆ ಎಂಬ ಕಾರಣಕ್ಕೆ ಅಡಿಕೆಗೆ 'ಬೀಟಲ್ ನಟ್' ಎಂದು ಎಲೆಯ ಹೆಸರನ್ನೇ ಅಂಟಿಸಿದರು. ಹೀಗಾಗಿ 'ಬೀಟಲ್' ಎಂದಷ್ಟೇ ಹುಡುಕಿದರೆ ವೀಳ್ಯದೆಲೆಯ ರಸ ಯಾವ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ಲೇಖನಗಳೂ, ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುವ ಲೇಖನಗಳೂ ಒಂದೇ ತಟ್ಟೆಗೆ ಬೀಳುತ್ತವೆ. 'ಅರೆಕಾ ನಟ್' ಎಂದು ಬಿಗಿ ಮಾಡಿದರೆ 'ಬೀಟಲ್ ಕ್ವಿಡ್', 'ಪಾನ್', 'ಸುಪಾರಿ', 'ಪಾನ್ ಮಸಾಲಾ' ಎಂದು ಬರೆದವರೆಲ್ಲ ಹೊರಗೆ. ಗುಟ್ಕಾವನ್ನು ರೋಮನ್ ಲಿಪಿಯಲ್ಲಿ ಮೂರ್ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಒಂದನ್ನು ಹಾಕಿದರೆ ಉಳಿದವು ತಪ್ಪುತ್ತವೆ. ಇವನ್ನೆಲ್ಲ 'ಆರ್' (ಅಥವಾ) ಹಾಕಿ ಒಂದು ಆವರಣದೊಳಗೆ ಕೂರಿಸಬೇಕು. ಆವರಣ ಮರೆತರೆ ಕೆಲಸ ಕೆಟ್ಟಿತು: ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. 'ಕ್ಯಾನ್ಸರ್ ಆಂಡ್ ಅರೆಕಾ ಆರ್ ಸುಪಾರಿ' ಎಂದು ಬರೆದವನಿಗೆ ಕ್ಯಾನ್ಸರಿನ ಗಂಧಗಾಳಿಯಿಲ್ಲದ ಸುಪಾರಿಯೂ ಬಂದು ಬೀಳುತ್ತದೆ.

ಪದಗಳ ಈ ಜಾತ್ರೆಗೆ ಪರಿಹಾರವೆಂದು 1960ರಲ್ಲಿ ಬಂದದ್ದು ಮೆಷ್, ಅಂದರೆ ಬೆಥೆಸ್ಡಾದ ಆ ಗ್ರಂಥಾಲಯದ ಅಧಿಕೃತ ವಿಷಯಶೀರ್ಷಿಕೆಗಳ ಕೋಶ. ಲೇಖಕ ಏನೆಂದೇ ಬರೆದಿರಲಿ, ವಿಷಯ ಇದು ಎಂದು ಮೆಡ್‌ಲೈನ್‌ಗೆ ಸೇರಿದ ಪ್ರತಿ ಲೇಖನಕ್ಕೂ ಅದರಿಂದ ಚೀಟಿ ಬೀಳುತ್ತದೆ. ಮೂವತ್ತು ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳು, 16 ದೊಡ್ಡ ಕೊಂಬೆಗಳ ಮರದಂತೆ ಹರಡಿಕೊಂಡಿವೆ. ಒಂದು ಕೊಂಬೆ ಹಿಡಿದರೆ ಅದರ ಕೆಳಗಿನ ರೆಂಬೆಗಳೂ ತಾವಾಗಿ ಬರುತ್ತವೆ. 'ಅರೆಕಾ' ಅಲ್ಲಿ ಒಂದು ಶೀರ್ಷಿಕೆ. ಅದರ ಮೇಲಿನ ಕೊಂಬೆ 'ಅರೆಕೇಸಿಯೇ', ತಾಳೆಯ ಇಡೀ ಕುಟುಂಬ. ಅಗಲವಾಗಿರಲಿ ಎಂದು ಅದನ್ನು ಹಿಡಿದವನಿಗೆ ತೆಂಗಿನ ಲೇಖನಗಳೆಲ್ಲ ಬರುತ್ತವೆ. ಪದದ ತುದಿಗೆ ನಕ್ಷತ್ರ ಹಾಕುವವರಿಗೂ ಇದೇ ಪಾಠ. 'ಅರೆಕಾ' ಮುಂದೆ ನಕ್ಷತ್ರ ಹಾಕಿದರೆ ತಾಳೆಯ ಕುಟುಂಬ ಒಳಗೆ ಬರುತ್ತದೆ, ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಆದ ಅರೆಕೋಲಿನ್ ಮಾತ್ರ ಒಂದೇ ಅಕ್ಷರದ ವ್ಯತ್ಯಾಸದಿಂದ ಹೊರಗುಳಿಯುತ್ತದೆ.

ಮೆಷ್‌ನ ಒಳಗೇ ಪ್ರಾಮಾಣಿಕವಾಗಿ ಕಿರಿದು ಮಾಡುವ ಎರಡು ದಾರಿಗಳಿವೆ, ಇವನ್ನು ಬಳಸುವವರು ಕಡಿಮೆ. ಒಂದು, ಲೇಖನದ ಮುಖ್ಯ ವಿಷಯವೇ ಅದಾಗಿರಬೇಕು ಎಂದು ಕೇಳುವುದು. ಇನ್ನೊಂದು, ಶೀರ್ಷಿಕೆಯ ಬೆನ್ನಿಗೆ ಉಪಶೀರ್ಷಿಕೆ ಹಚ್ಚುವುದು: 'ಅರೆಕಾ'ಕ್ಕೆ 'ಅಡ್ವರ್ಸ್ ಎಫೆಕ್ಟ್ಸ್' ಹಚ್ಚಿದರೆ ಅಡಿಕೆಯ ಕೃಷಿ, ಬಣ್ಣ, ಸಿಪ್ಪೆಯ ನಾರು ಎಲ್ಲ ಕಳಚಿ ದುಷ್ಪರಿಣಾಮ ಉಳಿಯುತ್ತದೆ. ಇವು ಅರ್ಥವನ್ನು ಹಿಡಿದು ಸೋಸುತ್ತವೆ. ಎಡಗಡೆಯ ಟಿಕ್‌ಗಳಲ್ಲಿ ಹೆಚ್ಚಿನವು ಅರ್ಥಕ್ಕೆ ಸಂಬಂಧವಿಲ್ಲದ ಹೊರಲಕ್ಷಣಗಳನ್ನು ಹಿಡಿದು ಸೋಸುತ್ತವೆ.

ಅತ್ಯಂತ ಅಪಾಯದ ಪದ 'ನಾಟ್', ಅಂದರೆ 'ಇದಿರುವುದು ಬೇಡ'. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆಯೇ ಎಂಬುದು ಮಲೆನಾಡಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಂಬತ್ತರ ದಶಕದಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಯ ಮೊದಲ ಗುಂಪಿಗೆ ಸೇರಿಸಿದ ವರದಿ ಬಂದದ್ದು 2004ರಲ್ಲಿ. ಈ ವಿಷಯಕ್ಕೆ ಹುಡುಕುವವರು ಸಹಜವಾಗಿ 'ಅರೆಕಾ ನಾಟ್ ಟೊಬ್ಯಾಕೊ' ಎಂದು ಬರೆಯುತ್ತಾರೆ. ಯೋಚಿಸಿ ನೋಡಿ. ತಂಬಾಕಿಲ್ಲದ ಅಡಿಕೆಯನ್ನೇ ಅಧ್ಯಯನ ಮಾಡಿದ ಲೇಖನದ ಸಾರಾಂಶದಲ್ಲಿ "ತಂಬಾಕಿಲ್ಲದೆ ಜಗಿಯುವವರು" ಎಂಬ ಮಾತು ಇದ್ದೇ ಇರುತ್ತದೆ. ಅಲ್ಲಿ ತಂಬಾಕು ಎಂಬ ಪದ ಇರುವುದರಿಂದ ಯಂತ್ರ ಅದನ್ನೇ ಮೊದಲು ಎತ್ತಿ ಎಸೆಯುತ್ತದೆ. ಬೇಕಾದದ್ದೇ ಹೋಯಿತು. ಇಂಥಲ್ಲಿ 'ನಾಟ್' ಬಿಟ್ಟು, 'ವಿದೌಟ್ ಟೊಬ್ಯಾಕೊ' ಎಂಬ ಪದಗಳು ಹತ್ತಿರ ಹತ್ತಿರ ಬರುವ ಲೇಖನಗಳನ್ನು ಕೇಳುವುದು ಜಾಣತನ. ಎರಡು ಪದಗಳ ನಡುವೆ ಇಷ್ಟೇ ಅಂತರವಿರಲಿ ಎಂದು ಹೇಳುವ ಸೌಲಭ್ಯ ಪಬ್‌ಮೆಡ್‌ಗೆ 2022ರ ಕೊನೆಯಲ್ಲಿ ಬಂದಿದೆ.

ರೋಗದ ಹೆಸರೇ ಬದಲಾದಾಗ ಏನು ಮಾಡುವುದು? ಅಡಿಕೆ ಜಗಿಯುವವರ ಬಾಯಿ ತೆರೆಯಲಾಗದಂತೆ ಬಿಗಿಯುವ ಕಾಯಿಲೆಯನ್ನು 1952ರಲ್ಲಿ ಶ್ವಾರ್ಟ್ಸ್ ಎಂಬುವರು ಕೀನ್ಯಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಗುರುತಿಸಿ ಉದ್ದನೆಯ ಲ್ಯಾಟಿನ್ ಹೆಸರಿಟ್ಟರು. ಮರುವರ್ಷ ಮುಂಬಯಿಯ ಜೋಶಿ ಅದನ್ನೇ ಬೇರೆ ಹೆಸರಿನಿಂದ ವರ್ಣಿಸಿದರು. 'ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಇಂದಿನ ಹೆಸರನ್ನಷ್ಟೇ ಹಿಡಿದವರಿಗೆ ಕಥೆಯ ಆರಂಭ ಸಿಗುವುದಿಲ್ಲ. ಕೋವಿಡ್‌ನ ಮೊದಲ ವಾರಗಳ ಲೇಖನಗಳಲ್ಲೂ ಕೋವಿಡ್ ಎಂಬ ಪದವಿಲ್ಲ, ಆ ಹೆಸರು ಹುಟ್ಟಿದ್ದೇ 2020ರ ಫೆಬ್ರವರಿಯಲ್ಲಿ.

ಮಂಗನ ಕಾಯಿಲೆ ನಮಗೆ ಇನ್ನೂ ಹತ್ತಿರದ ಉದಾಹರಣೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಲ್ಲಿ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದು ವೈರಸ್ಸನ್ನು ಬೇರ್ಪಡಿಸಿದರು. ಕಾಡಿನ ಹೆಸರೇ ಜಗತ್ತಿನ ವೈದ್ಯಕೀಯ ಕೋಶಕ್ಕೆ ಹೋಯಿತು. ಮೆಷ್‌ನಲ್ಲಿ 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್' ಒಂದು ಸ್ವತಂತ್ರ ಶೀರ್ಷಿಕೆ. ಅದನ್ನು ಹಿಡಿದರೆ ಬರುವುದು ಕೆಲವು ನೂರು ಲೇಖನ, ಒಂದು ವಾರದಲ್ಲಿ ಓದಿ ಮುಗಿಸಬಹುದು. ಆದರೂ ನಮ್ಮವರಿಗೆ ಕಿರಿದು ಮಾಡುವ ಚಪಲ. 'ಕರ್ನಾಟಕ' ಎಂದು ಸೇರಿಸುತ್ತಾರೆ.

ಅಲ್ಲಿ ಎರಡು ಹೊಂಡಗಳಿವೆ. ಮೊದಲನೆಯದು, 1973ರ ನವೆಂಬರ್ ವರೆಗೆ ನಮ್ಮ ರಾಜ್ಯ ಮೈಸೂರು. ಕಾಯಿಲೆ ಪತ್ತೆಯಾದ ಕಾಲದ ಬರಹಗಳಲ್ಲಿ ಇರುವುದು ಮೈಸೂರು ರಾಜ್ಯ, ಕರ್ನಾಟಕ ಎಂದರೆ ಅವು ಮಾಯ. ಶಿಮೊಗಾ 2014ರಲ್ಲಿ ಶಿವಮೊಗ್ಗವಾಯಿತು, ಅದೇ ದಿನ ಬ್ಯಾಂಗಲೋರ್ ಬೆಂಗಳೂರಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಊರಿನ ಹೆಸರಿನಿಂದ ಹುಡುಕುವವರು ಎರಡೂ ಕಾಗುಣಿತ ಹಾಕಲೇಬೇಕು. ಎರಡನೆಯ ಹೊಂಡ ಇನ್ನೂ ಆಳ. ಯಾವ ಟ್ಯಾಗೂ ಇಲ್ಲದೆ 'ಕರ್ನಾಟಕ' ಎಂದರೆ ಪಬ್‌ಮೆಡ್ ಲೇಖಕರ ವಿಳಾಸವನ್ನೂ ಜಾಲಾಡುತ್ತದೆ. ಮಣಿಪಾಲದಲ್ಲಿ ಕೂತು ಇಲಿಗಳ ಮೇಲೆ ನಡೆಸಿದ ಪ್ರಯೋಗವೂ ಕರ್ನಾಟಕದ ಲೇಖನವಾಗುತ್ತದೆ. ಸಾಗರದ ಹಳ್ಳಿಗಳಲ್ಲಿ ರಕ್ತ ತೆಗೆದು ಪುಣೆಯಲ್ಲಿ ಬರೆದದ್ದು ಆಗದೇ ಹೋಗಬಹುದು. 1988ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ವಿಳಾಸವಿಲ್ಲ. ನಂತರದ ಸುಮಾರು 25 ವರ್ಷ ಮೊದಲ ಲೇಖಕರದ್ದು ಮಾತ್ರ ಇದೆ. ಸಂಶೋಧನೆ ಎಲ್ಲಿ ನಡೆಯಿತು, ಬರೆದವರು ಎಲ್ಲಿ ಕೂತಿದ್ದರು, ಇವೆರಡೂ ಬೇರೆ ಬೇರೆ ಪ್ರಶ್ನೆಗಳು.

'ಮನುಷ್ಯರು' ಎಂಬ ಟಿಕ್ಕನ್ನು ಮಂಗನ ಕಾಯಿಲೆಗೆ ಹಾಕುವುದಂತೂ ಕಾಯಿಲೆಯ ಹೆಸರಿನಲ್ಲೇ ಇರುವ ಮಂಗನನ್ನು ಓಡಿಸಿದಂತೆ. ಉಣ್ಣೆ, ಮಂಗ, ಇಲಿ, ದನ, ಮನುಷ್ಯ ಎಲ್ಲ ಸೇರಿದ ಸರಪಳಿ ಅದು. ಪ್ರಾಣಿಗಳ ಮೇಲಿನ ಪ್ರಯೋಗ ಬೇಡವೆನ್ನುವವರು 'ನಾಟ್ ಅನಿಮಲ್ಸ್' ಎಂದು ಬರೆದರೆ ಇನ್ನೂ ಕೆಟ್ಟದು. ಮನುಷ್ಯರೂ ಪ್ರಾಣಿಗಳೂ ಇಬ್ಬರೂ ಇರುವ ಲೇಖನಗಳು ಪೂರ್ತಿ ಹೊರಟುಹೋಗುತ್ತವೆ. ವೈದ್ಯಕೀಯ ಸಮೀಕ್ಷೆಗಳನ್ನು ನಡೆಸುವ ಕಾಕ್ರೇನ್ ಸಂಸ್ಥೆಯವರು ಬಳಸುವ ಸೂತ್ರ ಇಲ್ಲಿ ನಿಜಕ್ಕೂ ಚೆಂದ: 'ನಾಟ್' ಹಾಕಿ, ಆವರಣದೊಳಗೆ 'ಅನಿಮಲ್ಸ್ ನಾಟ್ ಹ್ಯೂಮನ್ಸ್' ಎನ್ನುತ್ತಾರೆ. ಅಂದರೆ ಮನುಷ್ಯರಿಲ್ಲದೆ ಬರೀ ಪ್ರಾಣಿಗಳಿರುವ ಲೇಖನಗಳನ್ನು ಮಾತ್ರ ತೆಗೆ. ಇದರಲ್ಲಿ ಇನ್ನೊಂದು ಲಾಭವಿದೆ. ಮನುಷ್ಯರು, ವಯಸ್ಸು, ಲಿಂಗ ಎಂಬ ಟಿಕ್‌ಗಳು ಕೆಲಸ ಮಾಡುವುದು ಮೆಷ್ ಚೀಟಿ ಅಂಟಿಸಿದ ಲೇಖನಗಳ ಮೇಲೆ ಮಾತ್ರ. ಪಬ್‌ಮೆಡ್‌ನಲ್ಲಿದ್ದೂ ಮೆಡ್‌ಲೈನ್‌ಗೆ ಸೇರದ ಪತ್ರಿಕೆಗಳ ಲೇಖನಗಳಿಗೆ ಆ ಚೀಟಿ ಎಂದೂ ಬೀಳುವುದಿಲ್ಲ, ನಮ್ಮ ದೇಶದ ಅನೇಕ ಪತ್ರಿಕೆಗಳು ಅಂಥವೇ. 'ಮನುಷ್ಯರು' ಎಂದು ಒತ್ತಿದ ಕ್ಷಣ ಅವೆಲ್ಲ ಅಮಾನುಷ. ಎರಡು 'ನಾಟ್'ಗಳ ಸೂತ್ರ ಚೀಟಿಯಿಲ್ಲದ ಲೇಖನಗಳನ್ನು ಮುಟ್ಟುವುದಿಲ್ಲ.

ಹಿಂದೆ ಈ ಚೀಟಿಗಳನ್ನು ಓದಿ ತಿಳಿದವರು ಅಂಟಿಸುತ್ತಿದ್ದರು, ತಿಂಗಳುಗಟ್ಟಲೆ ತಡವಾಗುತ್ತಿತ್ತು. 2022ರಿಂದ ಯಂತ್ರವೇ ಅಂಟಿಸುತ್ತದೆ, ಕೆಲವನ್ನು ಮಾತ್ರ ಮನುಷ್ಯರು ಪರಿಶೀಲಿಸುತ್ತಾರೆ. ವೇಗ ಬಂತು. ಸೂಕ್ಷ್ಮ ಎಷ್ಟು ಉಳಿಯಿತು ಎಂಬ ಚರ್ಚೆ ಗ್ರಂಥಪಾಲಕರಲ್ಲಿ ಮುಗಿದಿಲ್ಲ. ನನ್ನ ಅಭಿಪ್ರಾಯದಲ್ಲಿ ಇನ್ನು ಮುಂದೆ ಮೆಷ್ ಒಂದನ್ನೇ ನಂಬುವಂತಿಲ್ಲ, ಅದರ ಜೊತೆ ಸಾಮಾನ್ಯ ಪದಗಳನ್ನೂ 'ಆರ್' ಹಾಕಿ ಹಿಡಿಯಬೇಕು.

'ಕಳೆದ ಐದು ವರ್ಷ' ಎಂಬುದು ಎಲ್ಲರ ಅಚ್ಚುಮೆಚ್ಚಿನ ಟಿಕ್. ಹೊಸ ಔಷಧಿಯ ವಿಷಯವಾದರೆ ಸರಿ, ಆ ಔಷಧಿಯೇ ಆಗ ಬಂದದ್ದು. ಉಳಿದ ಕಡೆ ಐದಕ್ಕೆ ಯಾವ ಮಹತ್ವವೂ ಇಲ್ಲ. 2001ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಸ್ತಮಾ ಕುರಿತ ಒಂದು ಪ್ರಯೋಗಕ್ಕಾಗಿ ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ಹಳೆಯ ಔಷಧಿಯನ್ನು ಉಸಿರಿನ ಮೂಲಕ ಕೊಟ್ಟರು. 24 ವರ್ಷದ ಯುವತಿಯೊಬ್ಬಳ ಶ್ವಾಸಕೋಶ ಕೆಟ್ಟು, ತಿಂಗಳೊಳಗೆ ಅವಳು ಸತ್ತಳು. ಸಂಶೋಧಕರು ಪಬ್‌ಮೆಡ್ ನೋಡಿದ್ದರು. ಆಗ ಅದು 1966ರಿಂದ ಈಚಿನದ್ದನ್ನು ಮಾತ್ರ ಹುಡುಕುತ್ತಿತ್ತು. ಆ ಔಷಧಿಯಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದು ಎಂಬ ವರದಿಗಳು ಇದ್ದದ್ದು ಐವತ್ತರ ದಶಕದ ಪತ್ರಿಕೆಗಳಲ್ಲಿ, ಯಾವುದೇ ದೊಡ್ಡ ಗ್ರಂಥಾಲಯದ ಇಂಡೆಕ್ಸ್ ಮೆಡಿಕಸ್ ಸಂಪುಟ ಬಿಚ್ಚಿದ್ದರೆ ಸಿಗುವಂತೆ. ಸಾವಿಗೆ ಕಾರಣ ಅದೊಂದೇ ಎಂದು ಹೇಳಲಾಗದು, ಆದರೆ ವಿಚಾರಣೆಗಳಲ್ಲಿ ಆ ಅಪೂರ್ಣ ಹುಡುಕಾಟದ ಮಾತು ಬಂತು. ಅಲ್ಲಿ ಮನುಷ್ಯರ ಮೇಲೆ ನಡೆಯುತ್ತಿದ್ದ ಸಂಶೋಧನೆಗಳನ್ನು ಅಮೆರಿಕ ಸರ್ಕಾರ ಆ ಜುಲೈನಲ್ಲಿ ಕೆಲಕಾಲ ತಡೆಹಿಡಿಯಿತು.

ನಂತರ 1946ರಿಂದ ಈಚಿನ ಹಳೆಯ ದಾಖಲೆಗಳೂ ಪಬ್‌ಮೆಡ್‌ಗೆ ಸೇರಿವೆ. ಆದರೆ 1975ಕ್ಕೆ ಮೊದಲಿನವುಗಳಿಗೆ ಸಾಮಾನ್ಯವಾಗಿ ಸಾರಾಂಶವಿಲ್ಲ, ಶೀರ್ಷಿಕೆ ಮಾತ್ರ. ಮಂಗನ ಕಾಯಿಲೆಯ ಮೊದಲ ಹದಿನೆಂಟು ವರ್ಷಗಳ ಕೆಲಸ ಹೀಗೆ ಒಂದೊಂದು ಸಾಲಿನಲ್ಲಿ ಕೂತಿದೆ. ಸಾರಾಂಶ ಇರುವವು ಮಾತ್ರ ಬರಲಿ ಎಂದು ಟಿಕ್ ಹಾಕಿದವರಿಗೆ ಈ ಕಾಯಿಲೆ 1975ರಲ್ಲಿ ಹುಟ್ಟಿದಂತೆ ಕಾಣುತ್ತದೆ.

ಹಾಗಾದರೆ ನಂಬಬಹುದಾದ ಫಿಲ್ಟರೇ ಇಲ್ಲವೇ? ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬ್ರಯನ್ ಹೇನ್ಸ್ ತಂಡ 161 ಪತ್ರಿಕೆಗಳ 2000ನೇ ಇಸವಿಯ ಸಂಚಿಕೆಗಳನ್ನು ಕೈಯಾರೆ ಓದಿ, ಯಾವ ಪದಸೂತ್ರ ಒಳ್ಳೆಯ ಅಧ್ಯಯನಗಳನ್ನು ಎಷ್ಟು ಹಿಡಿಯುತ್ತದೆ ಎಂದು ಅಳೆಯಿತು. ಪಬ್‌ಮೆಡ್‌ನ 'ಕ್ಲಿನಿಕಲ್ ಕ್ವೈರೀಸ್' ಅದರ ಫಲ. ಚಿಕಿತ್ಸೆಯ ಪ್ರಶ್ನೆಗಳಿಗೆ ಅಲ್ಲಿನ ಅಗಲ ಸೂತ್ರ ಸಿಗಬೇಕಾದ ಅಧ್ಯಯನಗಳಲ್ಲಿ ನೂರಕ್ಕೆ 99ನ್ನು ಹಿಡಿಯುತ್ತದೆ, ಬೇಡದವುಗಳಲ್ಲಿ 70ನ್ನು ತಡೆಯುತ್ತದೆ. ಕಿರಿದಾದದ್ದು 93ನ್ನು ಹಿಡಿದು 97ನ್ನು ತಡೆಯುತ್ತದೆ. ಎಷ್ಟು ಎಸೆಯುತ್ತೇನೆ ಎಂದು ಮೊದಲೇ ಹೇಳಿ ಎಸೆಯುವ ಫಿಲ್ಟರು ಇದು. ವಾರ್ಡಿನಲ್ಲಿ ಅವಸರದಲ್ಲಿರುವ ವೈದ್ಯರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

'ಉಚಿತ ಪೂರ್ಣಪಾಠ' ಒತ್ತುವವರ ಕಷ್ಟ ನನಗೆ ಅರ್ಥವಾಗುತ್ತದೆ, ಒಂದು ಲೇಖನಕ್ಕೆ ಮೂರು ಸಾವಿರ ರೂಪಾಯಿ ಕೇಳಿದರೆ ವಿದ್ಯಾರ್ಥಿ ಏನು ಮಾಡಬೇಕು? ಆದರೆ ಬೆಲೆ ನೋಡಿ ಸಾಕ್ಷ್ಯ ಆರಿಸುವುದು ಸಂತೆಯಲ್ಲಿ ಅಗ್ಗದ ಔಷಧಿ ಕೊಂಡಂತೆ. ಮೊದಲು ಬೇಕಾದದ್ದನ್ನು ಪಟ್ಟಿ ಮಾಡಿ, ಆಮೇಲೆ ಸಿಗುವ ದಾರಿ ಹುಡುಕಬೇಕು. ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಲ್ಲಿ ಶುರುವಾಗಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಉಳಿದದ್ದಕ್ಕೆ ಲೇಖಕರಿಗೆ ಎರಡು ಸಾಲಿನ ಮಿಂಚಂಚೆ ಹಾಕಿ, ಬಹಳ ಮಂದಿ ಕಳುಹಿಸುತ್ತಾರೆ.

ಲೇಖಕರ ಹೆಸರಿನಿಂದ ಕಿರಿದು ಮಾಡುವವರಿಗೆ ನಮ್ಮೂರಿನ ಒಂದು ಎಚ್ಚರಿಕೆ. ಊರು, ಅಪ್ಪನ ಹೆಸರು ಇನಿಷಿಯಲ್ ಆಗಿ, ಕೊನೆಗೆ ತನ್ನ ಹೆಸರು ಬರುವುದು ಕನ್ನಡಿಗರ ರೂಢಿ. ಪತ್ರಿಕೆಯವರು ಒಮ್ಮೆ ಹೆಸರನ್ನು ಕುಲನಾಮವೆಂದು ತಿಳಿಯುತ್ತಾರೆ, ಇನ್ನೊಮ್ಮೆ ಇನಿಷಿಯಲ್ಲನ್ನೇ ಕುಲನಾಮ ಮಾಡುತ್ತಾರೆ. ಪಬ್‌ಮೆಡ್‌ನಲ್ಲಿ ಪೂರ್ಣ ಹೆಸರು ಸಿಗುವುದು 2002ರಿಂದ ಈಚೆಗೆ ಮಾತ್ರ. ಹೀಗೆ ಒಬ್ಬರೇ ಮಂಜುನಾಥ ಮೂವರಾಗಿರುತ್ತಾರೆ, ಮೂವತ್ತು ಮಂಜುನಾಥರು ಒಬ್ಬರಾಗಿರುತ್ತಾರೆ.

ಪ್ರಶ್ನೆಯನ್ನು ಬಿಡಿಸಿಕೊಂಡರೆ ಹುಡುಕಾಟ ತಾನಾಗಿ ಕಿರಿದಾಗುತ್ತದೆ ಎಂಬುದಕ್ಕೆ ವೈದ್ಯರು ಪೈಕೊ ಎಂಬ ಸೂತ್ರ ಹೇಳುತ್ತಾರೆ, 1995ರಿಂದ ಬಳಕೆಯಲ್ಲಿದೆ: ಯಾರಿಗೆ, ಏನು ಕೊಟ್ಟು, ಯಾವುದಕ್ಕೆ ಹೋಲಿಸಿ, ಯಾವ ಫಲ. ಗ್ರಂಥಾಲಯದವರಿಗೆ ಇದು ಹೊಸದಲ್ಲ. ಬೆಂಗಳೂರಿನಲ್ಲಿ ಕೊನೆಯ ದಿನಗಳನ್ನು ಕಳೆದ, 1962ರಲ್ಲಿ ಅಲ್ಲಿ ದಾಖಲೀಕರಣ ತರಬೇತಿ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ವಿಷಯವನ್ನು ಮುಖಗಳಾಗಿ ಬಿಡಿಸುವುದನ್ನು 1933ರ ಕೋಲನ್ ವರ್ಗೀಕರಣದಿಂದಲೇ ಕಲಿಸಿದ್ದರು. ಪೈಕೊದ ನಾಲ್ಕನ್ನೂ ಪೆಟ್ಟಿಗೆಗೆ ತುಂಬಬಾರದು ಎಂಬುದು ಮಾತ್ರ ನೆನಪಿರಲಿ. ಫಲವನ್ನು ಸಾರಾಂಶದಲ್ಲಿ ಹೆಸರಿಸದ ಲೇಖಕರು ಬಹಳ. ಎರಡು ಮುಖಗಳಿಂದ ಶುರುಮಾಡಿ, ಹೆಚ್ಚಾದರೆ ಮೂರನೆಯದನ್ನು ಸೇರಿಸಿ.

ಈಗೀಗ ವಿದ್ಯಾರ್ಥಿಗಳು ಚಾಟ್‌ಜಿಪಿಟಿ ಬರೆದುಕೊಟ್ಟ ಸೂತ್ರ ತರುತ್ತಾರೆ. ಸಮಾನಾರ್ಥಕ ಪದಗಳನ್ನು ನೆನಪಿಸಲು ಅದು ಒಳ್ಳೆಯ ಜೊತೆಗಾರ. ಇಲ್ಲದ ಮೆಷ್ ಶೀರ್ಷಿಕೆಯನ್ನೂ ಎಲ್ಲೂ ಪ್ರಕಟವಾಗದ ಲೇಖನವನ್ನೂ ಅದೇ ಗಂಭೀರ ಮುಖದಲ್ಲಿ ಹೇಳುತ್ತದೆ. ಓಡಿಸಿ ನೋಡದೆ ಒಂದು ಸಾಲನ್ನೂ ನಂಬಬೇಡಿ.

ಅಡಿಕೆಯ ಹುಡುಗಿಗೆ ನಾನು ಕೊನೆಗೆ ಕಲಿಸಿದ್ದು ಒಂದೇ ಉಪಾಯ. ಅಡ್ವಾನ್ಸ್‌ಡ್ ಪುಟದ ಹಿಸ್ಟರಿಯಲ್ಲಿ ಪ್ರತಿ ಹುಡುಕಾಟಕ್ಕೂ ಒಂದು ಸಂಖ್ಯೆ ಇರುತ್ತದೆ. ಟಿಕ್ ಹಾಕದ ಹುಡುಕಾಟ 1, ಹಾಕಿದ್ದು 2 ಎಂದಾದರೆ, '#1 ನಾಟ್ #2' ಎಂದು ಕೊಡಬೇಕು. ಚರಟ ಕಣ್ಣೆದುರಿಗೆ ಬರುತ್ತದೆ. ಎಲ್ಲ ಓದಬೇಕಿಲ್ಲ, ಮೊದಲ ನಲವತ್ತು ಶೀರ್ಷಿಕೆ ಸಾಕು. ಅವಳು ಎರಡನೆಯ ಪುಟದಲ್ಲೇ ನಿಂತಳು. ಅವಳ ಗೈಡು ತರಗತಿಯಲ್ಲಿ ಮೇಲಿಂದ ಮೇಲೆ ಹೆಸರಿಸುವ ಲೇಖನ ಅಲ್ಲಿತ್ತು. ಹಳೆಯದು, ಉಚಿತವಲ್ಲ. ಟಿಕ್‌ಗಳನ್ನು ಒಂದೊಂದಾಗಿ ತೆಗೆದಳು.

ಪಿಜಿ ಗೈಡುಗಳಲ್ಲಿ ನನ್ನದೊಂದು ಕೋರಿಕೆ. ಇನ್ನು ಮುಂದೆ ಐವತ್ತು ರೆಫರೆನ್ಸ್ ಕೇಳಬೇಡಿ. ಹುಡುಕಿದ ಸೂತ್ರ, ಹುಡುಕಿದ ದಿನಾಂಕ, ಟಿಕ್ ಹಾಕುವ ಮುಂಚಿನ ಸಂಖ್ಯೆ ಮತ್ತು ಹಾಕಿದ ಮೇಲಿನ ಸಂಖ್ಯೆ, ಇಷ್ಟನ್ನು ಸಿನಾಪ್ಸಿಸ್‌ನ ಕೊನೆಯ ಪುಟಕ್ಕೆ ಲಗತ್ತಿಸಲು ಹೇಳಿ.